ಒಂದೇ ಕಾರ್ಡ್, ಎರಡು ಗ್ರೂಪ್: ರೆಕಾರ್ಡ್ ರೂಮ್ ಬಾಗಿಲು ಯಾರ ಮಾತು ಕೇಳಬೇಕು?

ನಾಲ್ಕನೇ_ಮಹಡಿ · ಸೋಮವಾರ, ಮಧ್ಯಾಹ್ನ 12.15

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನ ಒಂದು ಒಂಬತ್ತು ಮಹಡಿ ಕಟ್ಟಡದಲ್ಲಿ ಫೆಸಿಲಿಟಿ ನೋಡಿಕೊಳ್ಳುತ್ತೇನೆ. ಬಂದು ಎಂಟು ತಿಂಗಳಾಯಿತು. ನಾಲ್ಕು ಕಂಪನಿಗಳು ಬಾಡಿಗೆಗಿವೆ. ಕಾರ್ಡ್ ರೀಡರ್ ಇರುವ ಬಾಗಿಲು 84, ಚಾಲ್ತಿಯಲ್ಲಿರುವ ಕಾರ್ಡ್ ಸುಮಾರು 1,100, ಆಕ್ಸೆಸ್ ಗ್ರೂಪ್ (ಯಾವ ಬಾಗಿಲು ಯಾವ ಹೊತ್ತಿನಲ್ಲಿ ತೆರೆಯಬಹುದು ಅನ್ನುವ ಪಟ್ಟಿ) 61. ಈ 61ರಲ್ಲಿ ನಾನು ಮಾಡಿದ್ದು ಮೂರೇ ಮೂರು. ಉಳಿದದ್ದೆಲ್ಲ ಹಿಂದಿನವರು ಬಿಟ್ಟುಹೋದ ಆಸ್ತಿ.

ನಿನ್ನೆ ಭಾನುವಾರ ರಾತ್ರಿ 11.40ಕ್ಕೆ ನಾಲ್ಕನೇ ಮಹಡಿಯ ರೆಕಾರ್ಡ್ ರೂಮ್ ತೆರೆದಿದೆ. ಕಾರ್ಡ್ ನಮ್ಮ ಕಾಂಟ್ರಾಕ್ಟ್ ಎಸಿ ಮೆಕ್ಯಾನಿಕ್‌ನದು. ಹನ್ನೊಂದು ನಿಮಿಷ ಒಳಗಿದ್ದ. ಏನೂ ಕಳೆದಿಲ್ಲ. ಆದರೆ ಅದು ಬಾಡಿಗೆದಾರರೊಬ್ಬರ ಕಾಗದಪತ್ರದ ಕೋಣೆ. ಇವತ್ತು ಬೆಳಿಗ್ಗೆ ಅವರ ಮ್ಯಾನೇಜರ್ ಫೋನ್ ಮಾಡಿ ನನಗೆ ಸರಿಯಾಗಿ ಮಂಗಳಾರತಿ ಎತ್ತಿದರು.

ಆ ಹುಡುಗನ ಕಾರ್ಡ್ ಎರಡು ಗ್ರೂಪ್‌ನಲ್ಲಿದೆ. ಒಂದು 'ಎಸಿ ನಿರ್ವಹಣೆ': ಎಲ್ಲ ಮಹಡಿ, ಸೋಮವಾರದಿಂದ ಶನಿವಾರ, ಬೆಳಿಗ್ಗೆ 9ರಿಂದ ಸಂಜೆ 6. ಇನ್ನೊಂದು 'ಯುಟಿಲಿಟಿ 24': ಶಾಫ್ಟ್, ಟೆರೇಸ್, ಪ್ಯಾನೆಲ್ ರೂಮ್, ಪಂಪ್ ರೂಮ್, ಹಗಲು ರಾತ್ರಿ ಯಾವಾಗಲೂ. ಒಂದು ಗ್ರೂಪ್ ಭಾನುವಾರ ಬರಬೇಡ ಅನ್ನುತ್ತದೆ, ಇನ್ನೊಂದು ಬಾ ಅನ್ನುತ್ತದೆ. ಎತ್ತು ಏರಿಗೆ, ಕೋಣ ನೀರಿಗೆ. ಸಾಫ್ಟ್‌ವೇರ್ ಕೊಟ್ಟವರನ್ನು ಕೇಳಿದರೆ "ಒಂದು ನಿಷೇಧ ಗ್ರೂಪ್ ಮಾಡಿ ಅವನನ್ನು ಅದಕ್ಕೆ ಹಾಕಿಬಿಡಿ, ನಿಷೇಧ ಯಾವತ್ತೂ ಗೆಲ್ಲುತ್ತದೆ" ಅಂದರು. ಹಾಕಲಾ?

ರಿಲೇ_ರಂಗಣ್ಣ · ಸೋಮವಾರ, ಮಧ್ಯಾಹ್ನ 12.50

ಹಾಕಬೇಡಿ ಸರ್. ಹದಿನೆಂಟು ವರ್ಷದಿಂದ ಇದೇ ವೈರ್ ಎಳೆಯುತ್ತಿದ್ದೇನೆ, ಸ್ವಲ್ಪ ನಿಲ್ಲಿ.

ಮೊದಲನೆಯದು, 'ಎಸಿ ನಿರ್ವಹಣೆ' ಗ್ರೂಪ್ ಭಾನುವಾರ ಬರಬೇಡ ಅಂತ ಹೇಳುತ್ತಿಲ್ಲ. ಭಾನುವಾರದ ಬಗ್ಗೆ ಅದು ಏನನ್ನೂ ಹೇಳುತ್ತಿಲ್ಲ. ಬೇಡ ಅನ್ನೋದು ಬೇರೆ, ಬಾಯಿ ಮುಚ್ಚಿಕೊಂಡಿರೋದು ಬೇರೆ. ನಮ್ಮಲ್ಲಿ ಬರುವ ಹೆಚ್ಚಿನ ಸಿಸ್ಟಮ್‌ಗಳಲ್ಲಿ ಗ್ರೂಪ್ ಅಂದರೆ ಒಂದಷ್ಟು ರೀಡರ್, ಅದರ ಪಕ್ಕಕ್ಕೆ ಒಂದು ಟೈಮ್ ಝೋನ್. (ಗೊತ್ತಿಲ್ಲದವರಿಗೆ: ಟೈಮ್ ಝೋನ್ ಅಂದರೆ ಇಲ್ಲಿ ಅಮೆರಿಕದ ಗಂಟೆ ಅಲ್ಲ, ಬಾಗಿಲಿನ ವೇಳಾಪಟ್ಟಿ.) ಒಂದು ಕಾರ್ಡಿಗೆ ನಾಲ್ಕು ಗ್ರೂಪ್ ಇದ್ದರೆ ನಾಲ್ಕನ್ನೂ ಕೂಡುತ್ತದೆ. ಯಾವುದಾದರೂ ಒಂದು ಹೂಂ ಅಂದರೆ ಬಾಗಿಲು ತೆರೆಯುತ್ತದೆ. ಕೂಡೋದು ಮಾತ್ರ, ಕಳೆಯೋದು ಇಲ್ಲ.

ಹಾಗಾದರೆ ಭಾನುವಾರ ರಾತ್ರಿ ಹೂಂ ಅಂದಿದ್ದು ಯಾರು? 'ಯುಟಿಲಿಟಿ 24' ಒಂದೇ ಇರಬೇಕು. ಅಂದರೆ ಆ ಗ್ರೂಪಿನ ಒಳಗೆ ರೆಕಾರ್ಡ್ ರೂಮ್ ರೀಡರ್ ಕೂತಿದೆ. ನಿಮ್ಮದು ನಿಯಮಗಳ ಜಗಳ ಅಲ್ಲ, ಒಂದು ರೀಡರ್ ಇರಬಾರದ ಕಡೆ ಇದೆ.

ಗ್ರೂಪ್ ಕಡೆಯಿಂದ ನೋಡಬೇಡಿ, 61 ಗ್ರೂಪ್ ಓದುವಷ್ಟರಲ್ಲಿ ಕಣ್ಣು ಹೋಗುತ್ತದೆ. ಬಾಗಿಲ ಕಡೆಯಿಂದ ರಿಪೋರ್ಟ್ ತೆಗೆಯಿರಿ. ಈ ಒಂದು ಬಾಗಿಲನ್ನು ಯಾವ ಯಾವ ಕಾರ್ಡ್, ಯಾವ ಗ್ರೂಪಿನ ಮೂಲಕ, ಯಾವ ಹೊತ್ತಿನಲ್ಲಿ ತೆರೆಯಬಹುದು ಅಂತ. ತೆಗೆದು ಇಲ್ಲಿ ಹೇಳಿ.

ಕೊಟ್ಟೂರು_ಕೋಡರ್ · ಸೋಮವಾರ, ಮಧ್ಯಾಹ್ನ 2.05

ರಂಗಣ್ಣ ಹೇಳಿದ್ದು ಸರಿ. ನಾನು ಬಾಗಿಲಿನವನಲ್ಲ, ಸಾಫ್ಟ್‌ವೇರ್ ಅನುಮತಿಗಳ ಕಡೆಯವನು. ಅಲ್ಲೂ ಇದೇ ಕಥೆ. ಎಕ್ಸ್‌ಎಸಿಎಮ್‌ಎಲ್ ಅಂತ ಅನುಮತಿಯ ನಿಯಮ ಬರೆಯೋದಕ್ಕೆ ಓಯಸಿಸ್ ಸಂಸ್ಥೆಯ ಒಂದು ಮಾನದಂಡ ಇದೆ, ಅದರ 3.0 ಆವೃತ್ತಿ 2013ರಲ್ಲಿ ಬಂತು. ಒಂದೇ ಪ್ರಶ್ನೆಗೆ ಎರಡು ನಿಯಮ ಬೇರೆ ಬೇರೆ ಉತ್ತರ ಕೊಟ್ಟರೆ ಏನು ಮಾಡಬೇಕು ಅಂತ ಅದರಲ್ಲಿ ಮೊದಲೇ ಬರೆದುಕೊಳ್ಳಬೇಕು. ಇಲ್ಲ ಅಂದವರು ಗೆಲ್ಲಲಿ, ಅಥವಾ ಹೂಂ ಅಂದವರು ಗೆಲ್ಲಲಿ, ಅಥವಾ ಮೇಲಿಂದ ಓದುತ್ತಾ ಬಂದಾಗ ಮೊದಲು ಸಿಕ್ಕಿದವರ ಮಾತೇ ಕೊನೆ.

ನನಗೆ ತುಂಬಾ ಇಷ್ಟವಾಗೋದು ನಾಲ್ಕನೆಯದು: ಒಂದು ಪ್ರಶ್ನೆಗೆ ಒಂದೇ ಪಾಲಿಸಿ (ನಿಯಮಗಳ ಒಂದು ಕಟ್ಟು) ಅನ್ವಯಿಸಬೇಕು. ಎರಡು ಅನ್ವಯಿಸಿದರೆ ಉತ್ತರವನ್ನೇ ಕೊಡೋದಿಲ್ಲ, ತಪ್ಪಾಗಿದೆ ಅಂತ ಕೂಗುತ್ತದೆ. ನಿಜವಾದ ಬಾಗಿಲಿಗೆ ಇದನ್ನು ಹಾಕಿದರೆ ಜನ ಹೊಡೆಯುತ್ತಾರೆ. ಆದರೆ ಪಟ್ಟಿಯನ್ನು ತಪಾಸಣೆ ಮಾಡುವಾಗ ಹೀಗೆ ಓಡಿಸಿ ನೋಡಬಹುದು, ಎಲ್ಲೆಲ್ಲಿ ಒಂದೇ ಬಾಗಿಲಿಗೆ ಎರಡು ಪಾಲಿಸಿ ಕೈ ಹಾಕಿವೆ ಅಂತ ಬಯಲಾಗುತ್ತದೆ.

'ನಿಷೇಧ ಯಾವತ್ತೂ ಗೆಲ್ಲುತ್ತದೆ' ಅಂತ ಕಣ್ಣು ಮುಚ್ಚಿ ನಂಬಬೇಡಿ. ವಿಂಡೋಸ್‌ ಫೋಲ್ಡರ್‌ಗಳನ್ನೇ ನೋಡಿ. ಮೇಲಿನ ಫೋಲ್ಡರ್‌ನಿಂದ ಇಳಿದು ಬಂದ ನಿಷೇಧವನ್ನು ಕೆಳಗಿನ ಫೋಲ್ಡರ್ ಮೇಲೆ ನೇರವಾಗಿ ಕೊಟ್ಟ ಅನುಮತಿ ಸೋಲಿಸುತ್ತದೆ. ವರ್ಷಗಟ್ಟಲೆ ಕೆಲಸ ಮಾಡಿದ ಸಿಸ್ಟಮ್ ಅಡ್ಮಿನ್‌ಗಳಿಗೂ ಇದು ನೆನಪಿರೋದಿಲ್ಲ.

ಗೇಟ್_ನಂ_2 · ಸೋಮವಾರ, ಮಧ್ಯಾಹ್ನ 2.30

ಸುಮ್ನೆ ಆ ಕಾರ್ಡ್ ಬ್ಲಾಕ್ ಮಾಡಿ, ಬೇಕಾದಾಗ ಸೆಕ್ಯುರಿಟಿ ಹತ್ತಿರ ಬೀಗದ ಕೈ ತೆಗೆದುಕೊಳ್ಳಲಿ. ಇಷ್ಟಕ್ಕೆ ಇಷ್ಟೊಂದು ಓಯಸಿಸ್ ಯಾಕೆ?

ಪದ್ಮಾ_ಸಿ_ಬ್ಲಾಕ್ · ಸೋಮವಾರ, ಸಂಜೆ 4.10

ನಾನು ಅಪಾರ್ಟ್‌ಮೆಂಟ್ ಅಸೋಸಿಯೇಷನ್‌ನಲ್ಲಿ ಎರಡು ವರ್ಷ ಕಾರ್ಯದರ್ಶಿಯಾಗಿದ್ದವಳು. ನಿಷೇಧದ ಬಗ್ಗೆ ನಮ್ಮ ಕಥೆ ಕೇಳಿ.

ಒಬ್ಬಾಕೆ ನಮ್ಮಲ್ಲಿ ನಾಲ್ಕು ಮನೆ ಕೆಲಸ ಮಾಡುತ್ತಿದ್ದರು. ಒಂದು ಮನೆಯವರಿಗೂ ಅವರಿಗೂ ರಜೆ ವಿಷಯಕ್ಕೆ ಮಾತಿಗೆ ಮಾತು ಬೆಳೆಯಿತು. ಆ ಮನೆಯವರು ಕೋಪದಲ್ಲಿ ಗೇಟ್ ಆ್ಯಪ್‌ನಲ್ಲಿ 'ಪ್ರವೇಶ ಬೇಡ' ಒತ್ತಿದರು. ಮರುದಿನ ಬೆಳಿಗ್ಗೆ 6.30ಕ್ಕೆ ಆಕೆ ಗೇಟಿನಲ್ಲಿ ಬೆರಳು ಇಟ್ಟರೆ ಕೆಂಪು ದೀಪ. ಉಳಿದ ಮೂರು ಮನೆಯವರು ಒಳಗೆ ಕಾಯುತ್ತಿದ್ದಾರೆ, ಅದರಲ್ಲಿ ಒಂದು ಮನೆಯಲ್ಲಿ ಹಾಸಿಗೆ ಹಿಡಿದ ಅಜ್ಜಿ ಒಬ್ಬರೇ. ಸೆಕ್ಯುರಿಟಿ ಹುಡುಗ ಪಾಪ, "ಸಿಸ್ಟಮ್ ಬಿಡ್ತಿಲ್ಲ ಅಮ್ಮ" ಅಂತ ಅದನ್ನೇ ಹೇಳುತ್ತಾ ನಿಂತಿದ್ದ. ಆಕೆ ಎಂಟು ಗಂಟೆವರೆಗೆ ಫುಟ್‌ಪಾತ್ ಮೇಲೆ ಕೂತಿದ್ದರು.

ಮೀಟಿಂಗ್‌ನಲ್ಲಿ ದೊಡ್ಡ ವಾದ. ಕೊನೆಗೆ ಒಂದು ತೀರ್ಮಾನಕ್ಕೆ ಬಂದೆವು. ನನ್ನ ಮನೆ ಬಾಗಿಲಿಗೆ ಬೇಡ ಅನ್ನುವ ಹಕ್ಕು ನನಗಿದೆ, ಎಲ್ಲರ ಗೇಟಿಗೆ ಬೇಡ ಅನ್ನುವ ಹಕ್ಕು ನನಗಿಲ್ಲ. ಗೇಟಿಗೆ ಬೇಡ ಅನ್ನಬೇಕಾದರೆ ಕಮಿಟಿಯ ಇಬ್ಬರ ಸಹಿ ಬೇಕು, ಕಾರಣ ಬರೆಯಬೇಕು. ಹೂಂ ಅಥವಾ ಊಹೂಂ ಯಾವುದು ಗೆಲ್ಲಬೇಕು ಅನ್ನೋದಕ್ಕಿಂತ ಅದನ್ನು ಹೇಳಿದವರು ಆ ಬಾಗಿಲಿನ ಯಜಮಾನರಾ ಅಂತ ಮೊದಲು ಕೇಳಿ.

ರಿಲೇ_ರಂಗಣ್ಣ · ಸೋಮವಾರ, ಸಂಜೆ 4.40

ಪದ್ಮಕ್ಕ, ಇದನ್ನು ಪ್ರಿಂಟ್ ಹಾಕಿ ನಮ್ಮ ಎಲ್ಲ ಗಿರಾಕಿಗಳ ಗೋಡೆಗೆ ಅಂಟಿಸಬೇಕು.

ಗೇಟ್ ನಂ 2, ಕಳೆದುಹೋದ ಕಾರ್ಡ್, ಕೆಲಸ ಬಿಟ್ಟವರ ಕಾರ್ಡ್, ಅದನ್ನು ಪೂರ್ತಿ ಬ್ಲಾಕ್ ಮಾಡೋದು ಸರಿ. ಅದು ಕಾರ್ಡ್ ಮೇಲಿನ ನಿಷೇಧ. ಬಾಗಿಲ ಮೇಲೆ ನಿಷೇಧ ಹಾಕೋದು ಬೇರೆ ವಿಷಯ. ಕೊಟ್ಟಷ್ಟೇ ಅನುಮತಿ, ಕೊಡದಿದ್ದದ್ದೆಲ್ಲ ಇಲ್ಲ ಅನ್ನೋದು ಮೂಲ ನಿಯಮವಾದರೆ, ನಿಷೇಧ ಗ್ರೂಪ್ ಬೇಕಾಗೋದೇ ಎಲ್ಲೋ ಜಾಸ್ತಿ ಕೊಟ್ಟಿದ್ದೀರಿ ಅನ್ನೋ ಕಾರಣಕ್ಕೆ. ಜಾಸ್ತಿ ಕೊಟ್ಟಿದ್ದನ್ನು ವಾಪಸ್ ತಗೊಳ್ಳಿ, ಅದರ ಮೇಲೆ ಇನ್ನೊಂದು ಪದರ ಬಳಿಯಬೇಡಿ.

ಕೊಟ್ಟೂರು_ಕೋಡರ್ · ಸೋಮವಾರ, ಸಂಜೆ 4.55

ಇದಕ್ಕೆ 'ಫೇಲ್-ಸೇಫ್ ಡಿಫಾಲ್ಟ್ಸ್' ಅಂತ ಹೆಸರೂ ಇದೆ ಅಣ್ಣ. ಸಾಲ್ಟ್‌ಝರ್ ಮತ್ತು ಶ್ರೋಡರ್ ಅನ್ನುವವರು 1975ರಲ್ಲೇ ಕಂಪ್ಯೂಟರ್ ಭದ್ರತೆಯ ತಮ್ಮ ಪ್ರಬಂಧದಲ್ಲಿ ಇದನ್ನು ಒಂದು ಸೂತ್ರವಾಗಿ ಬರೆದರು. ನಿರ್ಧಾರ ಅನುಮತಿಯ ಮೇಲೆ ನಿಲ್ಲಬೇಕು, ಹೊರಗಿಡುವುದರ ಮೇಲೆ ಅಲ್ಲ. ಯಾರಿಗೋ ಕೊಡೋದು ಮರೆತರೆ ಅವರೇ ಬಂದು ಜಗಳ ಮಾಡುತ್ತಾರೆ, ತಪ್ಪು ಗೊತ್ತಾಗುತ್ತದೆ. ಯಾರನ್ನೋ ತಡೆಯೋದು ಮರೆತರೆ ಅವರು ಯಾಕೆ ಬಂದು ಹೇಳುತ್ತಾರೆ?

ಎಕ್ಸಿಟ್_ಅಕ್ಕ · ಸೋಮವಾರ, ರಾತ್ರಿ 8.20

ನೀವೆಲ್ಲ ಒಳಗೆ ಬರುವುದರ ಬಗ್ಗೆಯೇ ಮಾತಾಡುತ್ತಿದ್ದೀರಿ. ಹೊರಗೆ ಹೋಗುವುದರ ಬಗ್ಗೆ ಒಬ್ಬರೂ ಕೇಳಿಲ್ಲ. ಆ ಮೆಕ್ಯಾನಿಕ್ ಒಳಗಿದ್ದಾಗ ನೀವು ಅವನ ಕಾರ್ಡ್ ಬ್ಲಾಕ್ ಮಾಡಿದ್ದರೆ ಅವನು ಹೊರಗೆ ಹೇಗೆ ಬರುತ್ತಿದ್ದ? ಒಳಗಡೆಯೂ ರೀಡರ್ ಇದೆಯಾ, ಬರೀ ಎಕ್ಸಿಟ್ ಬಟನ್ ಇದೆಯಾ?

ನಾನು ಫೈರ್ ಸೇಫ್ಟಿ ತಪಾಸಣೆ ಮಾಡುವವಳು. ಬೆಂಗಳೂರಿನವರಿಗೆ 2010ರ ಫೆಬ್ರವರಿ 23 ಮರೆಯುವ ದಿನವಲ್ಲ, ಕಾರ್ಲ್‌ಟನ್ ಟವರ್ಸ್‌ನಲ್ಲಿ ಬೆಂಕಿ ಬಿದ್ದು 9 ಜನ ಹೋದರು. ಅದಕ್ಕೂ ಮೊದಲು ದೆಹಲಿಯ ಉಪಹಾರ್ ಚಿತ್ರಮಂದಿರ, 1997ರ ಜೂನ್ 13, 59 ಜನ. ಅಲ್ಲಿ ಬಾಲ್ಕನಿಯ ಒಂದು ಬದಿಯ ದಾರಿಗೆ ಹೆಚ್ಚುವರಿ ಸೀಟು ಹಾಕಿ ಮುಚ್ಚಿಬಿಟ್ಟಿದ್ದರು. ಸೀಟಿನ ನಿಯಮ ಮತ್ತು ದಾರಿಯ ನಿಯಮ ಎದುರುಬದುರಾದಾಗ ಸೀಟು ಗೆದ್ದಿತ್ತು.

ರಾಷ್ಟ್ರೀಯ ಕಟ್ಟಡ ಸಂಹಿತೆ 2016ರ 4ನೇ ಭಾಗ ಹೇಳೋದು ಸರಳ: ಹೊರಹೋಗುವ ದಾರಿಯ ಬಾಗಿಲನ್ನು ಒಳಗಿನವರು ಬೀಗದ ಕೈ ಇಲ್ಲದೆ ತೆರೆಯುವಂತಿರಬೇಕು. ಕಾರ್ಡ್ ಕೂಡ ನನ್ನ ಲೆಕ್ಕದಲ್ಲಿ ಬೀಗದ ಕೈಯೇ. ಇಎಂ ಲಾಕ್ (ವಿದ್ಯುತ್ಕಾಂತದ ಬೀಗ) ಕರೆಂಟ್ ಇದ್ದಷ್ಟು ಹೊತ್ತು ಹಿಡಿಯುತ್ತದೆ. 600 ಪೌಂಡ್‌ನದಾದರೆ ಸುಮಾರು 270 ಕೆಜಿ ಎಳೆತ, ಕೈಯಲ್ಲಿ ತಳ್ಳಿದರೆ ಸುಲಭಕ್ಕೆ ಬಿಡೋದಿಲ್ಲ. ಹಾಗಾಗಿ ಫೈರ್ ಪ್ಯಾನೆಲ್‌ನ (ಬೆಂಕಿ ಅಲಾರಂ ಪೆಟ್ಟಿಗೆಯ) ರಿಲೇ ಸ್ವಿಚ್, ಲಾಕ್‌ನ ಕರೆಂಟನ್ನೇ ನೇರವಾಗಿ ಕತ್ತರಿಸಬೇಕು. ಸಾಫ್ಟ್‌ವೇರ್‌ಗೆ ಸುದ್ದಿ ಹೋಗಿ, ಅದು 61 ಗ್ರೂಪ್ ಓದಿ, ಆಮೇಲೆ ಬಾಗಿಲು ನಡೆಸುವ ಕಂಟ್ರೋಲರ್ ಪೆಟ್ಟಿಗೆಗೆ ಹೇಳಿ, ಆಮೇಲೆ ತೆರೆಯೋದಲ್ಲ. ಈ ನಿಯಮವನ್ನು ನಿಮ್ಮ ಪಟ್ಟಿಯ ಒಂದನೇ ಸಾಲಿನಲ್ಲಿ ಬರೆಯಿರಿ ಅಂತಲೂ ನಾನು ಹೇಳೋದಿಲ್ಲ. ಪಟ್ಟಿಯಿಂದ ಹೊರಗಿಡಿ. ಪಟ್ಟಿಯಲ್ಲಿದ್ದರೆ ಯಾರಾದರೂ ಒಂದು ದಿನ ಅದಕ್ಕೂ ವಿನಾಯಿತಿ ಬರೆಯುತ್ತಾರೆ.

ಗೇಟ್_ನಂ_2 · ಸೋಮವಾರ, ರಾತ್ರಿ 8.45

ಮೇಡಂ, ಹಾಗಾದರೆ ಕಳ್ಳ ಕಾರಿಡಾರ್‌ನಲ್ಲಿರೋ ಫೈರ್ ಅಲಾರಂ ಗ್ಲಾಸ್ ಒಡೆದರೆ ಮುಗಿಯಿತು. ರೆಕಾರ್ಡ್ ರೂಮ್, ಸರ್ವರ್ ರೂಮ್ ಎಲ್ಲ ಬಾಗಿಲೂ ಅವನಿಗೆ ಬಾ ಬಾ ಅನ್ನುತ್ತವೆ. ನಾನು ಸೆಕ್ಯುರಿಟಿಯಲ್ಲಿ ಹನ್ನೆರಡು ವರ್ಷ ಇದ್ದವನು, ಇದು ಸುಮ್ನೆ ಹೇಳ್ತಿರೋದಲ್ಲ.

ಎಕ್ಸಿಟ್_ಅಕ್ಕ · ಸೋಮವಾರ, ರಾತ್ರಿ 9.05

ಒಳ್ಳೆ ಪ್ರಶ್ನೆ, ನಿಮ್ಮ ಭಯ ನಿಜವಾದದ್ದೇ. ಉತ್ತರ ಬೀಗದಲ್ಲಿದೆ. ರೆಕಾರ್ಡ್ ರೂಮ್‌ಗೆ ಇಎಂ ಲಾಕ್ ಹಾಕಬೇಡಿ. ಕರೆಂಟ್ ಹೋದರೆ ಹೊರಗಿನಿಂದ ಮುಚ್ಚಿಕೊಂಡೇ ಇರುವ, ಒಳಗಿನಿಂದ ಹಿಡಿ ತಿರುಗಿಸಿದರೆ ಯಾವಾಗಲೂ ತೆರೆಯುವ ಎಲೆಕ್ಟ್ರಿಕ್ ಲಾಕ್‌ಗಳು ಸಿಗುತ್ತವೆ. ಆಗ ಒಳಗಿದ್ದವನು ಯಾರನ್ನೂ ಕೇಳದೆ ಹೊರಗೆ ಬರುತ್ತಾನೆ, ಹೊರಗಿರುವ ಕಳ್ಳ ಅಲ್ಲೇ ನಿಲ್ಲುತ್ತಾನೆ. ಅದು ಬೇರೆಯವರು ಹಾದು ಹೋಗುವ ದಾರಿ ಅಲ್ಲದ ಕೋಣೆ ಆಗಿರಬೇಕು, ಅಷ್ಟೇ. ಕಾರಿಡಾರ್, ಮೆಟ್ಟಿಲ ಬಾಗಿಲಿಗೆ ಇದು ನಡೆಯೋದಿಲ್ಲ.

ಹೈದರಾಬಾದ್_ಕನ್ನಡಿಗ · ಸೋಮವಾರ, ರಾತ್ರಿ 9.30

ಫೈರ್ ಡ್ರಿಲ್ ಅಂದಕೂಡಲೇ ನೆನಪಾಯಿತು. ನಮ್ಮ ಆಫೀಸಿನಲ್ಲಿ ಆ್ಯಂಟಿ ಪಾಸ್‌ಬ್ಯಾಕ್ ಇದೆ. ಒಳಗೆ ಬಂದ ಕಾರ್ಡ್ ಹೊರಗೆ ಹೋಗದೆ ಮತ್ತೆ ಒಳಗೆ ಬರುವ ಹಾಗಿಲ್ಲ. ಡ್ರಿಲ್‌ನಲ್ಲಿ ಬಾಗಿಲೆಲ್ಲ ತೆರೆದವು, ಎಲ್ಲರೂ ಪಂಚ್ ಮಾಡದೆ ಇಳಿದೆವು. ಮುಗಿಸಿ ವಾಪಸ್ ಬಂದರೆ ಸಿಸ್ಟಮ್ ಲೆಕ್ಕದಲ್ಲಿ ನಾವೆಲ್ಲ ಒಳಗೇ ಇದ್ದೇವೆ. ಒಬ್ಬರನ್ನೂ ಬಿಡಲಿಲ್ಲ. ಮೂರು ಗಂಟೆ ಬಿಸಿಲಲ್ಲಿ ಇಡೀ ಆಫೀಸ್ ನಿಂತಿತ್ತು. ಅಲಾರಂ ರೀಸೆಟ್ ಆದಮೇಲೆ ಎಲ್ಲ ಕಾರ್ಡಿನ ಲೆಕ್ಕ ಸೊನ್ನೆ ಮಾಡೋ ಒಂದು ಗುಂಡಿ ಇತ್ತಂತೆ. ಒತ್ತುವವರು ರಜೆಯಲ್ಲಿದ್ದರು.

ನೈಟ್‌ಶಿಫ್ಟ್_ನಂಜುಂಡ · ಸೋಮವಾರ, ರಾತ್ರಿ 11.15

ನಾನೂ ಒಂದು ಹೇಳಲಾ? ವಿಷಯ ಅದೇ, ಆದರೆ ಬೇಡ ಅಂದಿದ್ದು ಕ್ಯಾಲೆಂಡರ್.

ರಾತ್ರಿ 10ರಿಂದ ಬೆಳಿಗ್ಗೆ 6 ನನ್ನ ಶಿಫ್ಟ್. ಅಕ್ಟೋಬರ್ 31ರಂದು ಎಂದಿನಂತೆ ಒಳಗೆ ಹೋದೆ. ರಾತ್ರಿ 12.10ಕ್ಕೆ ಚಹಾ ಕುಡಿಯಲು ನಾನು, ಇನ್ನಿಬ್ಬರು ಕೆಳಗೆ ಬಂದೆವು. ಗೇಟಿನ ಹೊರಗೆ ಸೈಕಲ್ ಮೇಲೆ ಫ್ಲಾಸ್ಕ್ ಇಟ್ಟುಕೊಂಡು ಬರುವವರ ಹತ್ತಿರ ಎರಡೆರಡು ಸಲ ಕುಡಿದು ವಾಪಸ್ ಬಂದು ಕಾರ್ಡ್ ತೋರಿಸಿದರೆ ಕೀಂ ಕೀಂ ಅಂತ ಕೆಂಪು ದೀಪ. ಮೂವರದ್ದೂ ಅದೇ. ಲ್ಯಾಪ್‌ಟಾಪ್ ಒಳಗೆ, ಸ್ವೆಟರ್ ಒಳಗೆ, ಒಬ್ಬನ ಫೋನೂ ಒಳಗೆ. ಸೆಕ್ಯುರಿಟಿಯವರು ರಿಜಿಸ್ಟರ್ ನೋಡಿ ನಗುತ್ತಾ ಅಂದರು: "ಸರ್, ಇವತ್ತು ರಾಜ್ಯೋತ್ಸವ, ರಜೆ."

ಹನ್ನೆರಡು ಹೊಡೆದ ಕೂಡಲೇ ತಾರೀಕು ನವೆಂಬರ್ 1 ಆಯಿತು. ಬಾಗಿಲು ನಡೆಸುವ ಪ್ಯಾನೆಲ್ ವಾರದ ದಿನ ಬಿಟ್ಟು ರಜೆಯ ಕಾಲಮ್ ಓದಲು ಶುರು ಮಾಡಿತು. ಆ ಕಾಲಮ್‌ನಲ್ಲಿ ನಮ್ಮ ಗ್ರೂಪಿಗೆ ಏನೂ ಬರೆದಿರಲಿಲ್ಲ. ಶಿಫ್ಟ್ ಪ್ರಕಾರ ನಾವು ಕೆಲಸದಲ್ಲಿದ್ದೇವೆ, ಕ್ಯಾಲೆಂಡರ್ ಪ್ರಕಾರ ರಜೆಯಲ್ಲಿದ್ದೇವೆ. ಕನ್ನಡಮ್ಮನ ಹಬ್ಬದ ದಿನ ಮೂರು ಕನ್ನಡಿಗರು ಚಳಿಯಲ್ಲಿ ಹೊರಗೆ!

ಮಧ್ಯರಾತ್ರಿ ದಾಟುವ ಶಿಫ್ಟನ್ನು ಬಹಳ ಪ್ಯಾನೆಲ್‌ಗಳು ಒಂದೇ ಸಾಲಲ್ಲಿ ತಗೊಳ್ಳೋದಿಲ್ಲ. 10ರಿಂದ 12 ಒಂದು ತುಂಡು, 12ರಿಂದ 6 ಇನ್ನೊಂದು ತುಂಡು ಅಂತ ಹಾಕಬೇಕು. ಆ ಎರಡನೇ ತುಂಡನ್ನು ರಜೆಯ ಕಾಲಮ್‌ನಲ್ಲೂ ಟಿಕ್ ಮಾಡಬೇಕು. ಈಗ ನಮ್ಮಲ್ಲಿ ಮಾಡಿದ್ದಾರೆ. ಜನವರಿ 26ಕ್ಕೆ ನಾನೇ ಬೇಕಂತ 12.10ಕ್ಕೆ ಚಹಾಕ್ಕೆ ಹೋಗಿ ನೋಡಿದೆ.

ಪದ್ಮಾ_ಸಿ_ಬ್ಲಾಕ್ · ಮಂಗಳವಾರ, ಬೆಳಿಗ್ಗೆ 7.00

ಇದರ ಉಲ್ಟಾ ನಮ್ಮ ಯಜಮಾನರ ಆಫೀಸಿನಲ್ಲಿ ಆಗಿತ್ತು. 2023ರ ಸೆಪ್ಟೆಂಬರ್ 29, ಕಾವೇರಿ ನೀರಿಗಾಗಿ ಕರ್ನಾಟಕ ಬಂದ್. ಆಫೀಸಿಗೆ ರಜೆ ಕೊಟ್ಟರು, ಸಿಸ್ಟಮ್‌ಗೆ ಯಾರೂ ಹೇಳಲಿಲ್ಲ. ಬೆಳಿಗ್ಗೆ 9ಕ್ಕೆ ರಿಸೆಪ್ಷನ್ ಬಾಗಿಲು ತಾನಾಗಿ ಅನ್‌ಲಾಕ್ ಆಗಿ ಸಂಜೆವರೆಗೆ ಹಾಗೇ ಇತ್ತು. ಒಳಗೆ ಒಂದು ನರಪಿಳ್ಳೆ ಇಲ್ಲ.

ರಿಲೇ_ರಂಗಣ್ಣ · ಮಂಗಳವಾರ, ಬೆಳಿಗ್ಗೆ 7.40

ಅದಕ್ಕೆ ಮದ್ದಿದೆ ಅಕ್ಕ. ಟೈಮ್ ಆದಕೂಡಲೇ ತೆರೆಯಬೇಡ, ಮೊದಲ ಸಿಬ್ಬಂದಿ ಕಾರ್ಡ್ ತೋರಿಸಿದ ಮೇಲೆ ಅನ್‌ಲಾಕ್ ಆಗು ಅನ್ನುವ ಆಯ್ಕೆ ಹೆಚ್ಚಿನ ಪ್ಯಾನೆಲ್‌ಗಳಲ್ಲಿ ಇರುತ್ತದೆ. ಒಂದು ಟಿಕ್ ಅಷ್ಟೇ.

ನಾಲ್ಕನೇ ಮಹಡಿಯವರೇ, ರಿಪೋರ್ಟ್ ಎಲ್ಲಿ?

ನಾಲ್ಕನೇ_ಮಹಡಿ · ಮಂಗಳವಾರ, ಮಧ್ಯಾಹ್ನ 1.20

ಬಂತು. ಕೂತುಕೊಂಡು ಓದಿ.

ರೆಕಾರ್ಡ್ ರೂಮ್ ತೆರೆಯಬಹುದಾದವರು 14 ಜನ ಅಂತ ಬಾಡಿಗೆದಾರರು ಕೊಟ್ಟ ಪತ್ರದಲ್ಲಿದೆ. ರಿಪೋರ್ಟ್‌ನಲ್ಲಿ ಬಂದದ್ದು 63. ಮೂರು ಗ್ರೂಪ್‌ಗಳಿಂದ. ಒಂದು ಅವರದೇ, ಸರಿ ಇದೆ. ಎರಡನೆಯದು 'ಎಸಿ ನಿರ್ವಹಣೆ'. ಮೂರನೆಯದು ರಂಗಣ್ಣ ಹೇಳಿದ 'ಯುಟಿಲಿಟಿ 24'.

ರೀಡರ್ ಪಟ್ಟಿಯಲ್ಲಿ ಆ ಬಾಗಿಲಿನ ಹೆಸರು 'ರೆಕಾರ್ಡ್ ರೂಮ್' ಅಂತಲೇ ಇದೆ. ಆದರೆ ಕಂಟ್ರೋಲರ್ ಪೆಟ್ಟಿಗೆ ತೆರೆದು ನೋಡಿದರೆ ವೈರ್ ಮೇಲೆ ಅಂಟಿಸಿದ ಹಳದಿ ಟೇಪ್‌ನಲ್ಲಿ ಮಾರ್ಕರ್ ಪೆನ್ನಿನಿಂದ 'ಸ್ಟೋರ್ 2' ಅಂತ ಬರೆದಿದೆ. ಹಳೆ ಸೂಪರ್‌ವೈಸರ್‌ಗೆ ಫೋನ್ ಮಾಡಿದೆ. ಎರಡು ವರ್ಷದ ಹಿಂದೆ ಅದು ನಮ್ಮದೇ ಸಾಮಾನಿನ ಕೋಣೆಯಂತೆ. ಪೈಪು, ಮೋಟರ್, ಬಲ್ಬು ಇಡುತ್ತಿದ್ದರು. ಹಾಗಾಗಿ ಯುಟಿಲಿಟಿಯವರಿಗೆ 24 ಗಂಟೆ ಅನುಮತಿ ಇತ್ತು, ಅದು ಆಗ ಸರಿಯೇ. ಆಮೇಲೆ ಕೋಣೆ ಬಾಡಿಗೆಗೆ ಹೋಯಿತು. ಬಾಗಿಲಿಗೆ ಹೊಸ ಬೋರ್ಡ್, ಸಾಫ್ಟ್‌ವೇರ್‌ನಲ್ಲಿ ಹೊಸ ಹೆಸರು, ಒಳಗೆ ಹೊಸ ಬೀರು. ಗ್ರೂಪಿನಿಂದ ಮಾತ್ರ ಯಾರೂ ತೆಗೆಯಲಿಲ್ಲ.

ಅಂದರೆ ಎರಡು ವರ್ಷದಿಂದ 40ಕ್ಕೂ ಹೆಚ್ಚು ಕಾರ್ಡ್‌ಗಳಿಗೆ ಆ ಬಾಗಿಲು ತೆರೆಯುತ್ತಿತ್ತು. ನಾನು ಒಬ್ಬನ ಕಾರ್ಡಿಗೆ ನಿಷೇಧ ಹಾಕಿ ಕೈ ತೊಳೆದುಕೊಂಡಿದ್ದರೆ ಉಳಿದವರದ್ದು ಹಾಗೇ ಇರುತ್ತಿತ್ತು!

ಎಕ್ಸಿಟ್ ಅಕ್ಕ, ಒಳಗಡೆ ಬಟನ್ ಇದೆ. ಒತ್ತಿ ನೋಡಿದೆ, ತೆರೆಯುತ್ತದೆ. ಆದರೆ ಲಾಕ್ ಇಎಂ, ಮತ್ತು ಫೈರ್ ಪ್ಯಾನೆಲ್ ವೈರ್ ಲಾಕ್‌ಗೆ ಹೋಗಿಲ್ಲ, ಸಾಫ್ಟ್‌ವೇರ್ ಸರ್ವರ್‌ಗೆ ಹೋಗಿದೆ. ಉಳಿದ 83 ಬಾಗಿಲು ನೋಡಬೇಕು.

ಎಕ್ಸಿಟ್_ಅಕ್ಕ · ಮಂಗಳವಾರ, ಮಧ್ಯಾಹ್ನ 1.35

ಮೊದಲು ಮೆಟ್ಟಿಲ ಬಾಗಿಲುಗಳನ್ನು ನೋಡಿ. ಇವತ್ತೇ. ಗ್ರೂಪ್ ಕೆಲಸ ಆಮೇಲೆ.

ಕೊಟ್ಟೂರು_ಕೋಡರ್ · ಮಂಗಳವಾರ, ಮಧ್ಯಾಹ್ನ 2.00

ಸರ್, ಪ್ರತಿ ಗ್ರೂಪಿನ ಟಿಪ್ಪಣಿ ಕಾಲಮ್‌ನಲ್ಲಿ ಮೂರು ವಿಷಯ ಬರೆಸಿ: ಯಾರು ಕೇಳಿದರು, ಯಾಕೆ, ಯಾವತ್ತಿನವರೆಗೆ. 'ಸ್ಟೋರ್‌ನಲ್ಲಿ ಪೈಪ್ ಇದೆ, ಅದಕ್ಕೆ' ಅಂತ ಒಂದು ಸಾಲು ಇದ್ದಿದ್ದರೆ ಪೈಪ್ ಹೋದ ದಿನವೇ ಯಾರಿಗಾದರೂ ಹೊಳೆಯುತ್ತಿತ್ತು. ಕೊನೇ ತಾರೀಕು ಇಲ್ಲದ ಅನುಮತಿಯನ್ನು ಕಾಂಟ್ರಾಕ್ಟ್‌ನವರಿಗೆ ಕೊಡಲೇಬೇಡಿ.

ಗೇಟ್_ನಂ_2 · ಮಂಗಳವಾರ, ಮಧ್ಯಾಹ್ನ 2.25

ಎಲ್ಲ ಸರಿ. ಆದರೆ ಭಾನುವಾರ ರಾತ್ರಿ 11.40ಕ್ಕೆ ಅವನು ಅಲ್ಲಿ ಯಾಕೆ ಹೋದ? ಅದನ್ನು ಯಾರೂ ಕೇಳಲೇ ಇಲ್ಲವಲ್ಲ.

ನಾಲ್ಕನೇ_ಮಹಡಿ · ಬುಧವಾರ, ಸಂಜೆ 6.40

ಕೇಳಿದೆ. ನಾಚಿಕೆ ಆಯಿತು.

ರೆಕಾರ್ಡ್ ರೂಮ್ ಪಕ್ಕದ್ದು ಸರ್ವರ್ ರೂಮ್. ಅದರ ಎಸಿ ಹಗಲು ರಾತ್ರಿ ಓಡುತ್ತದೆ. ಆ ಎಸಿಯ ಡ್ರೈನ್ ಪೈಪ್ ರೆಕಾರ್ಡ್ ರೂಮಿನ ಫಾಲ್ಸ್ ಸೀಲಿಂಗ್ ಮೇಲಿಂದ ಹಾದು ಹೋಗಿದೆ. ಒಂದು ಜಾಯಿಂಟ್‌ನಲ್ಲಿ ಹನಿ ಹನಿ ಸೋರುತ್ತಿದೆ. ಇವನು ಅಲ್ಲಿ ಒಂದು ಬಕೆಟ್ ಇಟ್ಟಿದ್ದಾನೆ. ಮೂರು ದಿನಕ್ಕೊಮ್ಮೆ ತುಂಬುತ್ತದಂತೆ. ವಾರದ ದಿನ ಹಗಲಲ್ಲಿ ಖಾಲಿ ಮಾಡುತ್ತಾನೆ. ಭಾನುವಾರ ಸೆಕೆಂಡ್ ಶಿಫ್ಟ್ ಮುಗಿಸಿ ಮನೆಗೆ ಹೋಗುವ ಮೊದಲು ಬಂದು ನೋಡಿ ಹೋಗುತ್ತಾನೆ. "ಬಿಟ್ಟರೆ ಫೈಲ್ ಮೇಲೆ ಬೀಳುತ್ತೆ ಸರ್. ನಿಮ್ಮ ಹಿಂದಿನವರಿಗೆ ಎರಡು ಸಲ ಹೇಳಿದ್ದೆ" ಅಂದ.

ಸೋಮವಾರವೇ ನಾನು ಅವನ ಕಾರ್ಡ್ ಬ್ಲಾಕ್ ಮಾಡಿದ್ದರೆ ಗುರುವಾರದ ಹೊತ್ತಿಗೆ ಬಾಡಿಗೆದಾರರ ಫೈಲ್ ನೆನೆದು, ಎರಡನೇ ಮಂಗಳಾರತಿ ಆಗುತ್ತಿತ್ತು.

ಈಗ ಮಾಡಿದ್ದು: 'ಯುಟಿಲಿಟಿ 24'ರಿಂದ ಆ ರೀಡರ್ ತೆಗೆದೆ. 'ಎಸಿ ನಿರ್ವಹಣೆ'ಯಿಂದಲೂ ತೆಗೆದೆ. ಬಾಡಿಗೆದಾರರ ಮ್ಯಾನೇಜರ್‌ಗೆ ಬಕೆಟ್ ತೋರಿಸಿದೆ. ಒಂದು ನಿಮಿಷ ಸುಮ್ಮನೆ ಅದನ್ನೇ ನೋಡಿದರು. ಪೈಪ್ ಬದಲಾಗುವವರೆಗೆ ಬಕೆಟ್ ಖಾಲಿ ಮಾಡುವಾಗ ಅವರ ಕಡೆಯವರೊಬ್ಬರು ಬಾಗಿಲು ತೆರೆದು ಜೊತೆಗಿರುತ್ತಾರೆ ಅಂತ ಒಪ್ಪಿದರು. ಪ್ಲಂಬರ್ ಶನಿವಾರ ಬರುತ್ತಾನೆ, ಪೈಪನ್ನು ಕಾರಿಡಾರ್ ಕಡೆಗೆ ತಿರುಗಿಸೋದು.

ಮೆಟ್ಟಿಲ ಬಾಗಿಲು 18ರಲ್ಲಿ 5ಕ್ಕೆ ಫೈರ್ ವೈರ್ ನೇರವಾಗಿ ಇಲ್ಲ. ರಂಗಣ್ಣ, ನಿಮ್ಮ ಕಡೆಯವರು ಯಾರಾದರೂ ಬೆಂಗಳೂರಿನಲ್ಲಿದ್ದರೆ ನಾಳೆ ಬೆಳಿಗ್ಗೆ ಕಳಿಸ್ತೀರಾ?

ರಿಲೇ_ರಂಗಣ್ಣ · ಬುಧವಾರ, ಸಂಜೆ 7.05

ನಾನೇ ಬರುತ್ತೇನೆ. ಆ ಹಳದಿ ಟೇಪ್ ಕಿತ್ತು ಬಿಸಾಡಬೇಡಿ, ಉಳಿದ ಪೆಟ್ಟಿಗೆಗಳಲ್ಲೂ ಅಂಥವು ಇರುತ್ತವೆ, ಒಂದೊಂದಾಗಿ ಓದೋಣ.